ಹನ್ನೊಂದನೆಯ ಅಂಶ

1969ರ ಏಪ್ರಿಲ್ 25ರ ತಾರೀಖಿನ ಒಂದು ಒಪ್ಪಿಗೆ ಪತ್ರ ರೋಮ್‌ನಿಂದ ಭಾರತದ ಕಥೋಲಿಕ ಬಿಷಪ್‌ರ ಕೈಸೇರಿತು. ಬಲಿಪೂಜೆಯ ವಿಧಿಗಳಲ್ಲಿ ಭಾರತದ ಧರ್ಮಸಭೆ ಮಾಡಿಕೊಳ್ಳಬಹುದಾದ ಹನ್ನೆರಡು ಬದಲಾವಣೆಗಳು ಅದರಲ್ಲಿದ್ದವು. ಶತಮಾನಗಳ ಕಟ್ಟಳೆಯನ್ನು ಸಡಿಲಿಸುವ ಪತ್ರವಾದರೂ ಭಾಷೆ ತೀರ ಸರಳವಾಗಿತ್ತು. ಹಬ್ಬಕ್ಕೆ ಮುಂಚೆ ಮನೆಯ ಹಿರಿಯರು ಹೇಳುವ ಮಾತಿನ ಹಾಗೆ: ಚಪ್ಪಲಿ ಹೊರಗೆ ಬಿಡಬಹುದು, ನೆಲದ ಮೇಲೆ ಕೂತು ಪೂಜೆ ಮಾಡಬಹುದು. ಮೊಣಕಾಲೂರುವ ಬದಲು ಕೈಮುಗಿದು ಬಾಗಬಹುದು, ಪಂಚಾಂಗ ಪ್ರಣಾಮ ಮಾಡಬಹುದು. ಮೇಣದಬತ್ತಿಯ ಜಾಗದಲ್ಲಿ ಎಣ್ಣೆಯ ದೀಪ ಹಚ್ಚಬಹುದು. ಬಿಗಿಯಾದ ಯುರೋಪಿನ ಪೂಜಾವಸ್ತ್ರ ಬಿಟ್ಟು ನಿಲುವಂಗಿಯ ಮೇಲೆ ಅಂಗವಸ್ತ್ರ ಹೊದೆಯಬಹುದು. ಕಾಣಿಕೆಯ ಹೊತ್ತಿನಲ್ಲಿ ಹೂವು, ಧೂಪ, ದೀಪಗಳಿಂದ ಆರತಿ ಎತ್ತಬಹುದು.

ಈ ಪಟ್ಟಿಯ ಮೇಲೆ ಮುಂದೆ ಇಪ್ಪತ್ತು ವರ್ಷ ಜಗಳ ನಡೆಯಿತು. ದೀಪಕ್ಕೆ ಜಗಳವಾಯಿತು, ಆರತಿಗೆ ಜಗಳವಾಯಿತು, ನೆಲದ ಮೇಲೆ ಕೂಡುವುದಕ್ಕೂ ಆಯಿತು. ಹನ್ನೊಂದನೆಯ ಅಂಶದ ವಿರುದ್ಧ ಮಾತ್ರ ಯಾರೂ ದನಿ ಎತ್ತಲಿಲ್ಲ. ವಿಶ್ವಾಸಿಗಳ ಬಿನ್ನಹದ ಹೊತ್ತಿನಲ್ಲಿ ಪುಸ್ತಕದಲ್ಲಿ ಅಚ್ಚಾದ ಪ್ರಾರ್ಥನೆಗೇ ಅಂಟಿಕೊಳ್ಳದೆ, ಜನ ತಮಗೆ ತೋಚಿದ ಮಾತಿನಲ್ಲಿ ದೇವರನ್ನು ಬೇಡಿಕೊಳ್ಳಲು ಒಂದಿಷ್ಟು ಅವಕಾಶ ಇರಲಿ ಎಂಬುದು ಅದರ ಸಾರ. ಕರ್ನಾಟಕದ ಕಥೋಲಿಕ ಸಭೆಯಲ್ಲಿ ಆ ಕಾಲದಲ್ಲಿ ಏನು ಬದಲಾಯಿತು, ಏನು ಉಳಿಯಿತು ಎಂದು ಹಿಂತಿರುಗಿ ನೋಡಿದರೆ, ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಈ ಹನ್ನೊಂದನೆಯದೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಅದರ ಬೆಲೆ ತಿಳಿಯಬೇಕಾದರೆ ಮುಂಚೆ ಇದ್ದ ಪೂಜೆ ಹೇಗಿತ್ತು ಎಂದು ನೋಡಬೇಕು. ಗುರುಗಳು ಜನಕ್ಕೆ ಬೆನ್ನು ಮಾಡಿ ಬಲಿಪೀಠದ ಕಡೆ ಮುಖಮಾಡಿ ನಿಲ್ಲುತ್ತಿದ್ದರು. ಮಂತ್ರವೆಲ್ಲ ಲ್ಯಾಟಿನ್‌ನಲ್ಲಿ, ಅದರಲ್ಲೂ ಮುಖ್ಯ ಭಾಗ ತೀರ ಮೆಲುದನಿಯಲ್ಲಿ. ಉತ್ತರ ಕೊಡುವವನು ಪೂಜೆಗೆ ನೆರವಾಗುವ ಹುಡುಗ. ಅವನಿಗೂ ಆ ಮಾತು ಬಾಯಿಪಾಠ ಮಾತ್ರ. ಹಿಂದೆ ಕೂತ ಹೆಂಗಸರು ಅಷ್ಟು ಹೊತ್ತೂ ಜಪಸರದ ಮಣಿ ಎಣಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆಯೆತ್ತಿ ಮೇಲೆತ್ತಿದ ರೊಟ್ಟಿಯನ್ನು ನೋಡಿ ಮತ್ತೆ ತಲೆಬಾಗುತ್ತಿದ್ದರು. ಅವರ ಭಕ್ತಿ ನಿಜವಾದದ್ದು, ಅದನ್ನು ಕಡಿಮೆ ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಪೂಜೆಯಲ್ಲಿ ಅವರ ಪಾಲಿಗೆ ಮಾತು ಇರಲಿಲ್ಲ.

ಬೆಳಗಾವಿ ಜಿಲ್ಲೆಯ ಅಂಕಲಿ, ಚಿಕ್ಕೋಡಿ, ರಾಯಬಾಗ ಕಡೆಯ ಜನಕ್ಕೆ ಕ್ರೈಸ್ತರ ಪರಿಚಯ ಆದದ್ದು ಹೆಚ್ಚಾಗಿ ಬೇರೆ ಬಾಗಿಲಿನಿಂದ. ಕೃಷ್ಣೆಯ ಆಚೆ ಮಿರಜದಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ವೈದ್ಯ ವಿಲಿಯಂ ವಾನ್ಲೆಸ್ 1890ರ ದಶಕದಲ್ಲಿ ಕಟ್ಟಿದ ದವಾಖಾನಿ ಒಂದು ಬಾಗಿಲು. ದಕ್ಷಿಣಕ್ಕೆ ಬೆಳಗಾವಿಯ ಮಿಷನ್ ಶಾಲೆಗಳು ಇನ್ನೊಂದು. ಲಂಡನ್ ಮಿಷನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಹೋಯಿತು. ಈ ಪ್ರೊಟೆಸ್ಟಂಟ್ ಸಭೆಗಳಲ್ಲಿ ದೇವರ ಮಾತು ಜನರ ಮಾತಿನಲ್ಲೇ ಇತ್ತು. ಜಾನ್ ಹ್ಯಾಂಡ್ಸ್ ಮತ್ತು ಅವರ ಸಂಗಡಿಗರ ದುಡಿಮೆಯಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಹೀಗಾಗಿ ಒಂದೇ ಊರಿನ ಎರಡು ದೇವಾಲಯಗಳಲ್ಲಿ ಒಂದರಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಹಾಡುತ್ತಿದ್ದರೆ, ಇನ್ನೊಂದರಲ್ಲಿ ನೂರಮೂವತ್ತು ವರ್ಷ ಕಳೆದರೂ ಲ್ಯಾಟಿನ್ ಮಂತ್ರ ಕೇಳಿಸುತ್ತಿತ್ತು.

ಹನ್ನೆರಡನೆಯ ಶತಮಾನದಲ್ಲೇ ಶರಣರು ದೇವರ ಜೊತೆ ಕನ್ನಡದಲ್ಲಿ ಮಾತಾಡಿದ ನಾಡು ಇದು. ಕಾಯಕದವರು, ಹೆಂಗಸರು, ಕೇರಿಯವರು ತಮ್ಮ ಮಾತಿನಲ್ಲೇ ಅನುಭಾವ ಹೇಳಿಕೊಂಡ ಈ ನೆಲದಲ್ಲಿ, ಜನ ಮೂಕರಾಗಿ ಕೂತಿರುವ ಪೂಜೆ ಎಷ್ಟು ದಿನ ಹಾಗೆಯೇ ನಡೆದೀತು?

ಕಥೋಲಿಕ ಸಭೆಯೊಳಗೂ ಈ ಪ್ರಶ್ನೆ ಹೊಸದಾಗಿರಲಿಲ್ಲ. 1606ರಲ್ಲಿ ಮಧುರೆಗೆ ಬಂದ ಜೆಸ್ವಿಟ್ ಗುರು ರಾಬರ್ಟ್ ದೆ ನೊಬಿಲಿ ಕಾವಿ ತೊಟ್ಟು ಸಂನ್ಯಾಸಿಯಂತೆ ಬದುಕಿದ್ದರು. ನಮ್ಮ ಕಡೆ ಅದೇ ದಾರಿ ಹಿಡಿದವರು ಇಟಲಿಯ ಲಿಯೊನಾರ್ಡೊ ಚಿನ್ನಮಿ. ಹದಿನೇಳನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಅವರು ಕನ್ನಡ ಕಲಿತು, ಸಂನ್ಯಾಸಿಯ ಉಡುಪಿನಲ್ಲಿ ಓಡಾಡಿ, ಕನ್ನಡದಲ್ಲಿ ಧರ್ಮಬೋಧೆಯ ಪುಸ್ತಕ ಬರೆದರು. ಮೈಸೂರು ಮಿಷನ್ನಿನ ಬುನಾದಿ ಹಾಕಿದ್ದು ಅವರೇ. ಆದರೆ ಈ ಹೊಂದಾಣಿಕೆಯ ಬಗ್ಗೆ ಯುರೋಪಿನಲ್ಲಿ ನೂರು ವರ್ಷಕ್ಕೂ ಮಿಕ್ಕಿ ತಕರಾರು ನಡೆಯಿತು. ಕೊನೆಗೆ 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ‘ಮಲಬಾರ್ ವಿಧಿ’ ಎಂದು ಹೆಸರಾದ ಆಚರಣೆಗಳಿಗೆ ತೆರೆ ಎಳೆದರು. ಮಿಷನರಿಗಳು ಅವನ್ನು ಪಾಲಿಸುವುದಿಲ್ಲವೆಂದು ಪ್ರಮಾಣ ಮಾಡಬೇಕಾಯಿತು. ಆ ಮುಚ್ಚಿದ ಬಾಗಿಲು ಇಪ್ಪತ್ತನೆಯ ಶತಮಾನದವರೆಗೂ ತೆರೆಯಲಿಲ್ಲ.

ಆಮೇಲೆ ಕಾಲವೇ ಬದಲಾಯಿತು. ದೇಶ ಸ್ವತಂತ್ರವಾಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮತ್ತಿತರ ಪಂಗಡಗಳು ಒಂದಾಗಿ ದಕ್ಷಿಣ ಭಾರತ ಸಭೆಯನ್ನು ಕಟ್ಟಿದವು. 1953ರಲ್ಲಿ ಪುಣೆ ಧರ್ಮಕ್ಷೇತ್ರ ಮತ್ತು ಗೋವಾ ಮಹಾಧರ್ಮಕ್ಷೇತ್ರದ ಭಾಗಗಳನ್ನು ಸೇರಿಸಿ ಬೆಳಗಾವಿ ಧರ್ಮಕ್ಷೇತ್ರ ರಚನೆಯಾಯಿತು. ಮೂರು ವರ್ಷಕ್ಕೆ ರಾಜ್ಯವೇ ಭಾಷೆಯ ಆಧಾರದ ಮೇಲೆ ಹೊಸದಾಗಿ ರೂಪುಗೊಂಡು, ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿ ಜಿಲ್ಲೆ ಇತ್ತ ಬಂತು. ಕನ್ನಡ, ಮರಾಠಿ, ಕೊಂಕಣಿ ಮೂರೂ ಮನೆಮಾತಾಗಿರುವ ಈ ಗಡಿಯಲ್ಲಿ ಆಡಳಿತ ಯಾವ ಭಾಷೆಯಲ್ಲಿ, ಶಾಲೆ ಯಾವ ಭಾಷೆಯಲ್ಲಿ ಎಂಬ ಮಾತು ಬೀದಿಬೀದಿಯಲ್ಲಿ ನಡೆದಿರುವಾಗ ದೇವಾಲಯವೊಂದೇ ಅದರಿಂದ ದೂರ ಉಳಿಯುವಂತಿರಲಿಲ್ಲ.

ಅದೇ ಹೊತ್ತಿಗೆ ರೋಮ್‌ನಲ್ಲಿ ಯಾರೂ ಎಣಿಸದ ಒಂದು ಘಟನೆ ನಡೆಯಿತು. 1958ರಲ್ಲಿ ಪೋಪ್ ಪದವಿಗೆ ಬಂದ ಇಪ್ಪತ್ತಮೂರನೇ ಯೋಹಾನರಿಗೆ ಆಗ ಎಪ್ಪತ್ತಾರು ವಯಸ್ಸು. ಅವರಿಂದ ಹೆಚ್ಚೇನೂ ನಿರೀಕ್ಷೆ ಇರಲಿಲ್ಲ. ಮೂರೇ ತಿಂಗಳಲ್ಲಿ, 1959ರ ಜನವರಿ 25ರಂದು, ಜಗತ್ತಿನ ಎಲ್ಲ ಬಿಷಪ್‌ರ ಮಹಾಸಭೆ ಕರೆಯುವುದಾಗಿ ಅವರು ಸಾರಿದರು. ನಮ್ಮ ಕಾಲದಲ್ಲಿ ಹೊಸದೊಂದು ಪೆಂತೆಕೊಸ್ತು ಬರಲಿ, ಪವಿತ್ರಾತ್ಮರು ಸಭೆಯನ್ನು ಮತ್ತೆ ಹೊಸದು ಮಾಡಲಿ ಎಂಬುದೇ ಅವರ ಪ್ರಾರ್ಥನೆಯಾಗಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1962ರ ಅಕ್ಟೋಬರ್ 11ರಂದು ಆರಂಭವಾಗಿ 1965ರ ಡಿಸೆಂಬರ್ 8ರಂದು ಮುಗಿಯಿತು. 1963ರ ಡಿಸೆಂಬರ್‌ನಲ್ಲಿ ಹೊರಬಂದ ಅದರ ಮೊದಲ ದೊಡ್ಡ ದಾಖಲೆಯೇ ಆರಾಧನೆಯನ್ನು ಕುರಿತದ್ದು. ಜನ ಪೂಜೆಯಲ್ಲಿ ನೋಡುಗರಾಗಿ ಉಳಿಯದೆ ಪಾಲುದಾರರಾಗಬೇಕು, ತಾಯಿನುಡಿಗೆ ಅಲ್ಲಿ ಜಾಗ ಸಿಗಬೇಕು ಎಂದು ಅದು ಹೇಳಿತು. 1965ರ ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ದಾಖಲೆ, ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವಿತ್ರ್ಯವನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದಿತು. ಅದಕ್ಕೂ ಮುಂಚೆ, 1964ರ ಡಿಸೆಂಬರ್‌ನಲ್ಲಿ ಮುಂಬಯಿಗೆ ಬಂದಿದ್ದ ಪೋಪ್ ಆರನೇ ಪೌಲರು ಅನ್ಯಧರ್ಮೀಯರ ಮುಂದೆ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ಗೌರವದಿಂದ ಓದಿದ್ದರು.

ಮಹಾಸಭೆಯ ಮಾತನ್ನು ಭಾರತದ ನೆಲಕ್ಕೆ ಇಳಿಸುವ ಕೆಲಸಕ್ಕೆ ಬೆಂಗಳೂರು ಕೇಂದ್ರವಾಯಿತು. ಆ ಕಥೆಯ ನಡುವೆ ಪಾಂಡಿಚೇರಿ ಕಡೆಯ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಅಣ್ಣ ಡಿ. ಸೈಮನ್ ಲೂರ್ದುಸಾಮಿ 1968ರಲ್ಲಿ ಬೆಂಗಳೂರಿನ ಮಹಾಧರ್ಮಾಧ್ಯಕ್ಷರಾದವರು. ಮುಂದೆ ರೋಮ್‌ಗೆ ಹೋಗಿ 1985ರಲ್ಲಿ ಕಾರ್ಡಿನಲ್ ಆದರು. ತಮ್ಮ ಡಿ.ಎಸ್. ಅಮಲೋರ್ಪವದಾಸ್ ಪ್ಯಾರಿಸ್ಸಿನಲ್ಲಿ ಓದಿ ಬಂದ ಗುರು. 1967ರಲ್ಲಿ ಬೆಂಗಳೂರಿನ ಹಚಿನ್ಸ್ ರಸ್ತೆಯಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಯ ರಾಷ್ಟ್ರೀಯ ಕೇಂದ್ರವನ್ನು ಅವರು ಕಟ್ಟಿದರು. ದೇಶದ ನಾನಾ ಕಡೆಯಿಂದ ಗುರುಗಳು, ಕನ್ಯಾಸ್ತ್ರೀಯರು, ಹಳ್ಳಿಯ ಉಪದೇಶಿಗಳು ಅಲ್ಲಿಗೆ ತರಬೇತಿಗೆ ಬಂದು, ಕಲಿತದ್ದನ್ನು ತಮ್ಮೂರಿಗೆ ಹೊತ್ತು ಹೋದರು.

ರೋಮ್‌ನ ಪತ್ರ ಬಂದು ಮೂರು ವಾರಕ್ಕೆ, 1969ರ ಮೇ 15ರಿಂದ 25ರವರೆಗೆ, ಬೆಂಗಳೂರಿನ ಧರ್ಮಾರಾಮ್ ಕಾಲೇಜಿನಲ್ಲಿ ‘ಇಂದಿನ ಭಾರತದಲ್ಲಿ ಧರ್ಮಸಭೆ’ ಎಂಬ ಅಖಿಲ ಭಾರತ ವಿಚಾರಸಂಕಿರಣ ನಡೆಯಿತು. ಐನೂರಕ್ಕೂ ಹೆಚ್ಚು ಪ್ರತಿನಿಧಿಗಳು ಸೇರಿದ್ದರು. ಬಿಷಪ್‌ರ ಸಾಲಿನಲ್ಲೇ ಗೃಹಸ್ಥರು, ಕನ್ಯಾಸ್ತ್ರೀಯರು, ಮೇಷ್ಟ್ರುಗಳು ಕೂತು ಮಾತಾಡಿದರು. ಬಡತನ, ಜಾತಿ, ಅಭಿವೃದ್ಧಿ, ಅನ್ಯಧರ್ಮೀಯರ ಜೊತೆ ಸಂವಾದ, ಆರಾಧನೆ ಎಲ್ಲವೂ ಚರ್ಚೆಗೆ ಬಂದವು. ಭಾರತದ ಕಥೋಲಿಕ ಸಭೆ ತನ್ನನ್ನು ತಾನೇ ಇಷ್ಟು ಬಿಚ್ಚಿ ನೋಡಿಕೊಂಡದ್ದು ಅದೇ ಮೊದಲು. ಅದೇ ವರ್ಷ ನವೆಂಬರ್ 30ರಿಂದ ಪರಿಷ್ಕೃತ ಪೂಜಾವಿಧಿ ಜಾರಿಗೆ ಬಂತು. ಅಷ್ಟರಲ್ಲಿ ಬಲಿಪೀಠಗಳು ಗೋಡೆಯಿಂದ ಈಚೆಗೆ ಸರಿದು, ಗುರುಗಳು ಜನರ ಕಡೆ ತಿರುಗಿ ನಿಂತಿದ್ದರು.

ಹನ್ನೆರಡು ಅಂಶಗಳಂತೆ ನಡೆದ ಪೂಜೆಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ಬಾಗಿಲಲ್ಲಿ ಚಪ್ಪಲಿಗಳ ಸಾಲು. ಒಳಗೆ ಬೆಂಚಿಲ್ಲ, ಚಾಪೆ ಹಾಸಿದೆ. ಪೀಠ ನೆಲಕ್ಕೆ ಹತ್ತಿರ, ಗುರುಗಳು ಚಕ್ಕಮಟ್ಟೆ ಹಾಕಿ ಕೂತಿದ್ದಾರೆ, ಹೆಗಲ ಮೇಲೆ ಅಂಗವಸ್ತ್ರ. ಆರಂಭದಲ್ಲಿ ಒಬ್ಬರು ಎದ್ದು ಬಂದು ಆರತಿ ಎತ್ತಿ ಅವರನ್ನು ಸ್ವಾಗತಿಸುತ್ತಾರೆ. ಕಾಲುದೀಪದ ಬತ್ತಿಗಳು ಒಂದೊಂದಾಗಿ ಹತ್ತಿಕೊಳ್ಳುತ್ತವೆ. ತಪ್ಪೊಪ್ಪಿಗೆಯ ಹೊತ್ತಿಗೆ ಎಲ್ಲರ ಹಣೆ ನೆಲ ಮುಟ್ಟುತ್ತದೆ. ಶುಭಸಂದೇಶದ ಪುಸ್ತಕಕ್ಕೆ ಮುತ್ತಿಡುವ ಬದಲು ಅಂಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ರೊಟ್ಟಿ, ದ್ರಾಕ್ಷಾರಸ ತಟ್ಟೆಯಲ್ಲಿ ಬರುತ್ತವೆ. ಹೂವಿನ, ಧೂಪದ, ದೀಪದ ಆರತಿ ಒಂದರ ಹಿಂದೊಂದು ಸುತ್ತುತ್ತದೆ. ಇದನ್ನು ಮೊದಲ ಸಲ ಕಂಡ ಎಷ್ಟೋ ಜನಕ್ಕೆ ಬೇರೆಯವರ ಮನೆಯಿಂದ ತಮ್ಮ ಮನೆಗೆ ಬಂದ ಹಾಗಾಯಿತು. ಇನ್ನೆಷ್ಟೋ ಜನಕ್ಕೆ ತಮ್ಮದೇ ಮನೆಯಿಂದ ಹೊರಗೆ ನೂಕಿದ ಹಾಗಾಯಿತು.

ಆ ನೋವನ್ನೂ ಅರಿಯಬೇಕು. ಬಿಷಪ್‌ರಲ್ಲೇ ಎಲ್ಲರೂ ಹನ್ನೆರಡು ಅಂಶಗಳಿಗೆ ಒಪ್ಪಿರಲಿಲ್ಲ. ನೂರಾರು ವರ್ಷಗಳಿಂದ ಮೊಣಕಾಲೂರಿ ಪ್ರಾರ್ಥಿಸಿದ ಮನೆತನಗಳು, ಊರಿನ ಹಂಗಿಸುವ ಮಾತು ಕೇಳಿಯೂ ತಮ್ಮ ನಂಬಿಕೆ ಬಿಡದವರು, ‘ಇಷ್ಟು ದಿನ ಗುಡಿಯ ಆಚರಣೆ ಬೇಡ ಎಂದು ಕಲಿಸಿದವರು ನೀವೇ ಅಲ್ಲವೇ?’ ಎಂದು ಕೇಳಿದರು. ಅವರಿಗೆ ಆಜ್ಞೆ ಮುಟ್ಟಿತ್ತು, ಕಾರಣ ಮುಟ್ಟಿರಲಿಲ್ಲ. ಮುಂಬಯಿ, ಮದರಾಸು, ಬೆಂಗಳೂರುಗಳಲ್ಲಿ ಗೃಹಸ್ಥರ ಪ್ರತಿಭಟನೆಗಳೆದ್ದವು. 1974ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಬೈಬಲೇತರ ಧರ್ಮಗ್ರಂಥಗಳನ್ನು ಕುರಿತು ಸಂಶೋಧನಾ ಸಂಕಿರಣ ನಡೆದಾಗ ಆತಂಕ ಇನ್ನೂ ಹೆಚ್ಚಿತು. 1975ರಲ್ಲಿ ರೋಮ್‌ನಿಂದ ಬಂದ ಪತ್ರ, ಪೂಜೆಯಲ್ಲಿ ಅನ್ಯಧರ್ಮಗಳ ಗ್ರಂಥ ಓದುವುದಕ್ಕೂ ಒಪ್ಪಿಗೆಯಿಲ್ಲದ ಪ್ರಯೋಗಗಳಿಗೂ ತಡೆ ಹಾಕಿತು. ಹನ್ನೆರಡು ಅಂಶಗಳು ಉಳಿದವು, ಆದರೆ ಹಲವು ಧರ್ಮಕೇಂದ್ರಗಳಲ್ಲಿ ಅವು ಹಬ್ಬದ ದಿನದ ಆರತಿಗೆ ಸೀಮಿತವಾದವು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಬೇರೆ ದಿಕ್ಕಿನಿಂದ ಬಂತು. ಆರತಿ, ಅಂಗವಸ್ತ್ರ, ಉಪನಿಷತ್ತು ಭಾರತೀಯ ಸಂಸ್ಕೃತಿ ಹೌದು. ಆದರೆ ಯಾರ ಸಂಸ್ಕೃತಿ? ಕ್ರೈಸ್ತರಲ್ಲಿ ದೊಡ್ಡ ಪಾಲು ದಲಿತ ಮೂಲದವರು. ಅವರ ಅಜ್ಜ ಮುತ್ತಜ್ಜಂದಿರಿಗೆ ಗುಡಿಯ ಹೊಸ್ತಿಲು ದಾಟುವಂತಿರಲಿಲ್ಲ. ಆ ಗುಡಿಯ ಗರ್ಭಗೃಹದ ಆಚಾರವನ್ನೇ ಈಗ ‘ನಿಮ್ಮ ಸಂಸ್ಕೃತಿ’ ಎಂದು ಅವರ ಕೈಗೆ ಕೊಟ್ಟರೆ? 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಶೂದ್ರ ದೇವಶಾಸ್ತ್ರದ ಕುರಿತು ಮಾಡಿದ ಉಪನ್ಯಾಸ ಈ ಚರ್ಚೆಗೆ ತಿರುವು ಕೊಟ್ಟಿತು. ಮುಂದೆ ದಲಿತ ದೇವಶಾಸ್ತ್ರವಾಗಿ ಬೆಳೆದದ್ದು ಆ ಬೀಜವೇ. ಹನ್ನೆರಡು ಅಂಶಗಳನ್ನು ಈ ಕಣ್ಣಿನಿಂದ ಮತ್ತೆ ಓದಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ದೀಪವಿದೆ, ಧೂಪವಿದೆ, ತಟ್ಟೆ ಇದೆ. ಹಲಗೆ ಇಲ್ಲ, ಡೊಳ್ಳು ಇಲ್ಲ, ಏಕತಾರಿ ಇಲ್ಲ. ಉತ್ತರ ಕರ್ನಾಟಕದ ಕೇರಿಗಳಲ್ಲಿ ಸಾವಿಗೂ ಹಬ್ಬಕ್ಕೂ ಜನರನ್ನು ಒಂದುಮಾಡುವ ವಾದ್ಯಗಳಲ್ಲಿ ಒಂದೂ ಆ ಪಟ್ಟಿಗೆ ಬರಲಿಲ್ಲ. ಅವುಗಳನ್ನು ಬಾರಿಸುವವರನ್ನು ಯಾರೂ ಕೇಳಿರಲಿಲ್ಲ.

ಭಾಷೆಯ ವಿಷಯದಲ್ಲೂ ಹೀಗೆಯೇ. ಲ್ಯಾಟಿನ್ ಹೋಗಿ ತಾಯಿನುಡಿ ಬರಲಿ ಎಂದಾಗ, ಯಾರ ತಾಯಿನುಡಿ ಎಂಬ ಪ್ರಶ್ನೆ ಎದ್ದಿತು. ಬೆಂಗಳೂರಿನಲ್ಲಿ ತಮಿಳು, ಕೊಂಕಣಿ, ಇಂಗ್ಲಿಷ್ ಪೂಜೆಗಳ ನಡುವೆ ಕನ್ನಡ ಕಥೋಲಿಕರು ತಮ್ಮ ನೆಲದಲ್ಲೇ ಕನ್ನಡ ಪೂಜೆಗೆ ದನಿ ಎತ್ತಬೇಕಾಯಿತು. 1982ರ ಗೋಕಾಕ್ ಚಳವಳಿಯ ಕಾವು ದೇವಾಲಯದ ಅಂಗಳಕ್ಕೂ ತಾಗಿತು. ಬೆಳಗಾವಿಯಲ್ಲಿ ಅದೇ ಪ್ರಶ್ನೆ ಮರಾಠಿ, ಕೊಂಕಣಿ, ಕನ್ನಡಗಳ ನಡುವೆ ಎದ್ದಿತು. ಈ ಜಗಳಗಳಲ್ಲಿ ಕಹಿ ಇತ್ತು. ಆದರೂ ನನಗೆ ಅವುಗಳಲ್ಲಿ ಒಂದು ಒಳ್ಳೆಯ ಗುರುತು ಕಾಣುತ್ತದೆ: ಲ್ಯಾಟಿನ್ ಇದ್ದಾಗ ಯಾರೂ ಹೀಗೆ ಜಗಳವಾಡಿರಲಿಲ್ಲ. ಪೂಜೆ ತಮ್ಮದು ಅನ್ನಿಸಿದ ಮೇಲೆಯೇ ಜನ ಅದಕ್ಕಾಗಿ ಜಗಳಕ್ಕೆ ನಿಂತರು.

ಆಡಂಬರವಿಲ್ಲದೆ ಈ ನವೀಕರಣವನ್ನು ಬದುಕಿದವರೂ ಇದ್ದರು. ಬೈಲಹೊಂಗಲ ಕಡೆಯ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿ ತೊಟ್ಟು, ಉತ್ತರ ಕರ್ನಾಟಕದ ಮಠಗಳ ಸರಳ ರೀತಿಯಲ್ಲಿ ಹಳ್ಳಿಯ ಜನರ ನಡುವೆ ನೆಲೆಸಿದರು. ಅಮಲೋರ್ಪವದಾಸರು 1979ರಲ್ಲಿ ಮೈಸೂರಿಗೆ ಹೋಗಿ ಚಾಮುಂಡಿ ಬೆಟ್ಟದ ಬುಡದಲ್ಲಿ ಅಂಜಲಿ ಆಶ್ರಮ ತೆರೆದರು. ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ಪೀಠಕ್ಕೂ ದುಡಿದರು. ಯಾವ ಧರ್ಮದವರು ಬಂದರೂ ಅಲ್ಲಿ ಮೌನಕ್ಕೂ ಪ್ರಾರ್ಥನೆಗೂ ಜಾಗವಿತ್ತು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಐವತ್ತೇಳು ವರ್ಷ.

ಇನ್ನೊಂದು ಕಡೆಯಿಂದ ಬೇರೆಯೇ ಗಾಳಿ ಬೀಸಿತು. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ವಿದ್ಯಾರ್ಥಿಗಳ ಧ್ಯಾನಕೂಟವೊಂದರಲ್ಲಿ ಹುಟ್ಟಿದ ಕ್ಯಾರಿಸ್ಮ್ಯಾಟಿಕ್ ನವೀಕರಣ 1970ರ ದಶಕದಲ್ಲಿ ಮುಂಬಯಿಗೆ, ಅಲ್ಲಿಂದ ನಮ್ಮ ಕಡೆಗೆ ಬಂತು. ಇದಕ್ಕೆ ಆರತಿಯೂ ಬೇಕಿರಲಿಲ್ಲ, ಅಂಗವಸ್ತ್ರವೂ ಬೇಕಿರಲಿಲ್ಲ. ಕೈಯೆತ್ತಿ ಸ್ತುತಿಸುವುದು, ಬೈಬಲ್ ಓದುವುದು, ರೋಗಿಗಳಿಗಾಗಿ ಎಲ್ಲರೂ ಸೇರಿ ಪ್ರಾರ್ಥಿಸುವುದು ಇದರ ರೀತಿ. ಆಶ್ರಮದವರಿಗೆ ಇದು ಗದ್ದಲ ಅನ್ನಿಸಿತು. ಇವರಿಗೆ ಆಶ್ರಮದ ಮೌನ ಅನ್ಯವೆನ್ನಿಸಿತು. ಎರಡೂ ಒಂದೇ ಆತ್ಮದ ಕೆಲಸ ಎಂದು ಒಪ್ಪಿಕೊಳ್ಳುವಷ್ಟು ದೊಡ್ಡ ಮನಸ್ಸು ಆ ದಿನಗಳಲ್ಲಿ ಕಡಿಮೆ ಜನಕ್ಕಿತ್ತು.

ಆದರೆ ದೂರದಿಂದ ನೋಡಿದರೆ ಎರಡಕ್ಕೂ ಸಮಾನವಾದದ್ದು ಹನ್ನೊಂದನೆಯ ಅಂಶ. ಬಾಯಿ ಕಟ್ಟಿದ್ದ ಜನ ಬಾಯಿ ತೆರೆದರು. ಮಳೆ ಬಾರದ ವರ್ಷ ಒಬ್ಬ ರೈತ ಎದ್ದು ನಿಂತು ಮಳೆಗಾಗಿ ಬೇಡಿಕೊಳ್ಳುವುದು, ಕುಡುಕ ಗಂಡನಿಗಾಗಿ ಹೆಣ್ಣುಮಗಳೊಬ್ಬಳು ಸಭೆಯ ನಡುವೆ ಪ್ರಾರ್ಥಿಸುವುದು, ಪಕ್ಕದ ಮನೆಯ ಮುಸ್ಲಿಂ ಮಗುವಿನ ಜ್ವರ ಇಳಿಯಲೆಂದು ಮುದುಕಿಯೊಬ್ಬಳು ಕೇಳಿಕೊಳ್ಳುವುದು ಇಂದು ಯಾವ ಧರ್ಮಕೇಂದ್ರದಲ್ಲೂ ಯಾರಿಗೂ ಅಚ್ಚರಿಯಲ್ಲ. ಗೃಹಸ್ಥರು ಪೀಠದ ಬಳಿ ಹೋಗಿ ವಾಚನ ಓದುತ್ತಾರೆ, ಪಾಲನಾ ಮಂಡಳಿಯಲ್ಲಿ ಲೆಕ್ಕ ಕೇಳುತ್ತಾರೆ. 1950ರ ಭಾನುವಾರಕ್ಕೆ ಇದನ್ನು ಹೋಲಿಸಿದರೆ ಎಷ್ಟು ದೊಡ್ಡ ಬದಲಾವಣೆ ಎಂದು ತಿಳಿಯುತ್ತದೆ.

ಮೇಲಿನಿಂದ ಬಂದ ಹನ್ನೆರಡರಲ್ಲಿ ಹನ್ನೊಂದು ಅಂಶಗಳು ಜನರಿಗೆ ಏನು ಮಾಡಬಹುದು ಎಂದು ಹೇಳಿದವು. ಒಂದು ಮಾತ್ರ, ನೀವೇ ಹೇಳಿ ಎಂದಿತು. ನವೀಕರಣದ ಬೇರು ಇರುವುದು ಆ ಒಂದರಲ್ಲಿ. 2021ರಲ್ಲಿ ಪೋಪ್ ಫ್ರಾನ್ಸಿಸರು ಆರಂಭಿಸಿ 2024ರ ಅಕ್ಟೋಬರ್‌ವರೆಗೆ ನಡೆದ ಸಿನೊಡ್ ಅದೇ ಬೇರಿಗೆ ನೀರೆರೆಯುವ ಪ್ರಯತ್ನ: ಜಗತ್ತಿನ ಧರ್ಮಕೇಂದ್ರಗಳಲ್ಲಿ ಮೊದಲು ಜನರನ್ನು ಕೇಳುವುದು, ಆಮೇಲೆ ಬಿಷಪ್‌ರು ಕೂಡುವುದು. ರೋಮ್‌ನ ಆ ಸಭೆಯಲ್ಲಿ ಗೃಹಸ್ಥರಿಗೂ ಹೆಂಗಸರಿಗೂ ಮತ ಹಾಕುವ ಹಕ್ಕು ಸಿಕ್ಕಿತು.

ಕೃಷ್ಣೆಯ ಈ ದಂಡೆಯ ಚಿಕ್ಕ ಚಿಕ್ಕ ಕ್ರೈಸ್ತ ಸಭೆಗಳಿಗೆ, ಕಥೋಲಿಕರಿರಲಿ ಮೆಥೋಡಿಸ್ಟರಿರಲಿ, ಈ ಇತಿಹಾಸದಿಂದ ಸಿಗುವ ಪಾಠ ಸ್ಪಷ್ಟವಾಗಿದೆ. ಕಾಲ ಬದಲಾದಾಗ ಹೊಸ ಉಡುಪು, ಹೊಸ ಹಾಡು, ಹೊಸ ವಾದ್ಯ ತರುವುದು ಕಷ್ಟವಲ್ಲ. ಊರು ಬಿಟ್ಟು ಕೊಲ್ಲಾಪುರ, ಪುಣೆಗೆ ದುಡಿಯಲು ಹೋಗುವ ಹುಡುಗರು, ಕಬ್ಬಿನ ಗದ್ದೆಯಿಂದ ಬಂದು ದಣಿದ ಹೆಣ್ಣುಮಕ್ಕಳು, ಕೇರಿಯ ಹಲಗೆಯವರು ದೇವರ ಮುಂದೆ ಏನು ಹೇಳಬೇಕೆಂದಿದ್ದಾರೆ ಎಂದು ಕೂತು ಕೇಳುವುದು ಕಷ್ಟ. 1969ರಲ್ಲಿ ಅರ್ಧ ಕೇಳಿ ಬಿಟ್ಟ ಆ ಪ್ರಶ್ನೆಯನ್ನು ಪೂರ್ತಿ ಕೇಳುವ ಸಭೆ ಪವಿತ್ರಾತ್ಮರ ಗಾಳಿಗೆ ಹೆದರಬೇಕಾಗಿಲ್ಲ. ಆ ಜನರ ಕನ್ನಡದಲ್ಲಿ, ಮರಾಠಿಯಲ್ಲಿ ಹುಟ್ಟುವ ಪ್ರಾರ್ಥನೆಯೇ ನಾಳೆಯ ಸಭೆಯನ್ನು ಕಟ್ಟುತ್ತದೆ.